ಕೀಲಿಕೈ ಯಾರ ಕಡೆ ಇದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ಹಳ್ಳಿ ಶಾಲೆಯಿಂದ ಐಟಿ ಕಂಪನಿಗೆ'. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲಿ ಐದಾರು ಜನ ಇದ್ದಾರೆ. ಅದಕ್ಕೇ ಬೇರೆ ಮಾತಾಡುತ್ತೇನೆಂದು ಮೊದಲೇ ಒಪ್ಪಿಗೆ ಪಡೆದಿದ್ದೇನೆ. ನಾನು ಹೇಳುವುದು ಒಂದು ಪ್ರವಾಸಕ್ಕೆ ಹೇಗೆ ಯೋಜನೆ ಹಾಕಿದೆ, ಆ ಯೋಜನೆಯಲ್ಲಿ ಯಾವುದನ್ನು ಮರೆತೆ ಎಂಬುದರ ಕಥೆ. ಕಡೆಗೆ ಅದು ನಮ್ಮ ಶಾಲೆಗೇ ಬಂದು ಮುಟ್ಟುತ್ತದೆ, ಸ್ವಲ್ಪ ತಾಳ್ಮೆಯಿರಲಿ.

2021ರ ಜುಲೈ. ಕೊರೊನಾದ ಕಾರಣ ಆಫೀಸು ಮನೆಗೇ ಬಂದಿತ್ತು. ಊರಲ್ಲೇ, ನಮ್ಮ ಮನೆಯ ಅಟ್ಟದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಪೇಪರಿನಲ್ಲಿ ಒಂದು ಸುದ್ದಿ. ಹಳೆ ಗೋವಾದ ಸಂತ ಅಗಸ್ಟೀನ್ ಚರ್ಚಿನ ಅವಶೇಷಗಳಲ್ಲಿ ಸಿಕ್ಕಿದ್ದ ಮೂಳೆಗಳನ್ನು ನಮ್ಮ ವಿದೇಶಾಂಗ ಸಚಿವರು ಜಾರ್ಜಿಯಾ ದೇಶಕ್ಕೆ ಒಪ್ಪಿಸಿದರು ಎಂದು. ಅವು ಜಾರ್ಜಿಯಾದ ರಾಣಿ ಕೇತೆವಾನಳವು. ಧರ್ಮ ಬಿಡಲು ಒಪ್ಪದ ಆಕೆಯನ್ನು 1624ರಲ್ಲಿ ಪರ್ಷಿಯಾದ ಶಿರಾಜ್ ನಗರದಲ್ಲಿ ಕೊಲ್ಲಿಸಲಾಯಿತು. ಪಾದ್ರಿಗಳು ಆಕೆಯ ಅಸ್ಥಿಯ ಒಂದು ಭಾಗವನ್ನು ಗೋವಾಕ್ಕೆ ತಂದಿಟ್ಟಿದ್ದರು. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಡಿಎನ್‌ಎ ಪರೀಕ್ಷೆ ಮಾಡಿ, ಈ ಮೂಳೆ ಜಾರ್ಜಿಯಾ ಮೂಲದವರದ್ದು ಎಂಬುದಕ್ಕೆ ಬಲವಾದ ಆಧಾರ ಕೊಟ್ಟಿತ್ತು.

ಓದಿ ಹೇಳಿದಾಗ ಅಪ್ಪ ಕೇಳಿದ: "ನಾಕನೂರು ವರ್ಷ ಅದನ್ನ ಯಾರು ಕಾದ್ರು?"

ನನಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಜಾರ್ಜಿಯಾ ಎಲ್ಲಿದೆ ಎಂದು ನಕಾಶೆ ತೆಗೆದೆ. ಕಪ್ಪು ಸಮುದ್ರದ ದಂಡೆಯಲ್ಲಿ, ಕಾಕಸಸ್ ಪರ್ವತದ ಮಡಿಲಲ್ಲಿ ಒಂದು ಸಣ್ಣ ದೇಶ. ಕಾಕಸಸ್ ಎಂಬ ಹೆಸರು ಕಂಡದ್ದೇ ಒಂಬತ್ತನೇ ತರಗತಿ ನೆನಪಾಯಿತು. 'ಏಷ್ಯಾ ಮತ್ತು ಯುರೋಪ್ ಖಂಡಗಳನ್ನು ಬೇರ್ಪಡಿಸುವ ಎರಡು ಪರ್ವತ ಶ್ರೇಣಿಗಳನ್ನು ಹೆಸರಿಸಿ' ಎಂಬ ಪ್ರಶ್ನೆಗೆ ನಾನು ಯೂರಲ್ ಒಂದನ್ನೇ ಬರೆದಿದ್ದೆ. ಇಲ್ಲೇ ಕೂತಿರುವ ನಮ್ಮ ಸಮಾಜ ವಿಜ್ಞಾನದ ಸರ್ ಅರ್ಧ ಅಂಕ ಕಡಿದು, "ಕಾಕಸಸ್ ಎಲ್ಲಿ ಹೋತಲೇ?" ಎಂದು ಕಿವಿ ಹಿಂಡಿದ್ದರು. ಸರ್, ಎಲ್ಲೂ ಹೋಗಿಲ್ಲ. ನಾನೇ ಹೋಗಿ ನೋಡಿ ಬಂದಿದ್ದೇನೆ.

ಜಾರ್ಜಿಯಾದ ಬಗ್ಗೆ ಓದುತ್ತಾ ಹೋದಂತೆ ಸ್ವಾನೇತಿ ಎಂಬ ಸೀಮೆ ಸಿಕ್ಕಿತು. ದೇಶದ ವಾಯವ್ಯ ಮೂಲೆ, ಎಂಗುರಿ ನದಿಯ ಕಣಿವೆ. ಜಾರ್ಜಿಯಾದ ಅತಿ ಎತ್ತರದ ಶಿಖರ ಶ್ಖಾರಾ ಅಲ್ಲಿದೆ, 5,193 ಮೀಟರ್. ಅದರ ಬುಡದಲ್ಲಿ ಉಷ್ಗುಲಿ ಎಂಬ ಊರು. ಊರೇ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅದಕ್ಕಿಂತಲೂ ಮೇಲೆ ಜನ ಮನೆ ಕಟ್ಟಿ, ದನ ಸಾಕಿ, ಆಲೂಗಡ್ಡೆ ಬೆಳೆಯುತ್ತಾರೆ. ಮನೆಗಳಿಗೆ ಅಂಟಿಕೊಂಡು 20–25 ಮೀಟರ್ ಎತ್ತರದ ಕಲ್ಲಿನ ಗೋಪುರಗಳಿವೆ. ಶತ್ರು ಬಂದರೆ, ಊರೊಳಗೇ ಮನೆತನಗಳ ನಡುವೆ ಹಗೆ ಹುಟ್ಟಿದರೆ, ಗೋಪುರ ಹತ್ತಿ ಏಣಿ ಮೇಲೆಳೆದುಕೊಳ್ಳುತ್ತಿದ್ದರು. ಉಷ್ಗುಲಿಯ ನಾಲ್ಕು ಹಳ್ಳಿಗಳಲ್ಲಿ ಒಂದಾದ ಚಜಾಶಿಯಲ್ಲಿ ಇಂಥ ಮಧ್ಯಯುಗದ ಕಟ್ಟಡಗಳು 200ಕ್ಕೂ ಹೆಚ್ಚು ಉಳಿದಿವೆ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನನ್ನು ಎಳೆದದ್ದು ಗೋಪುರಗಳಿಗಿಂತ ಅಲ್ಲಿಯ ಚರ್ಚುಗಳು. ಚರ್ಚು ಅಂದರೆ ನಾವು ಸಿನೆಮಾದಲ್ಲಿ ನೋಡುವಂಥ ದೊಡ್ಡ ಕಟ್ಟಡಗಳಲ್ಲ. ನಮ್ಮ ಹೊಲದ ಬದುವಿನ ಹನುಮಪ್ಪನ ಗುಡಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಒಂದೇ ಕೋಣೆ, ಬಗ್ಗಿ ಹೋಗಬೇಕಾದ ಬಾಗಿಲು. ಒಳಗೆ ಮಾತ್ರ ಗೋಡೆ ತುಂಬ ಬಣ್ಣದ ಚಿತ್ರ. ತೆವ್ದೊರೆ ಎಂಬ ಅರಮನೆಯ ಚಿತ್ರಕಾರ 1096ರಲ್ಲಿ ಇಪ್ರಾರಿ ಎಂಬ ಹಳ್ಳಿಯ ಗುಡಿಗೂ, 1130ರಲ್ಲಿ ನಕಿಪಾರಿಯ ಗುಡಿಗೂ ಚಿತ್ರ ಬರೆದ. 1096 ಅಂದರೆ ಇಲ್ಲಿ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ಅಲ್ಲಿ ಅದೇ ಹೊತ್ತಿಗೆ ನಾಲ್ಕನೆಯ ದಾವಿದ್ ಎಂಬ ರಾಜ.

ಇನ್ನೂ ಒಂದು ಸಂಗತಿ. ಕೆಳಗಿನ ಬಯಲು ಸೀಮೆಯ ಮೇಲೆ ದಂಡು ಬಂದಾಗಲೆಲ್ಲ ಜಾರ್ಜಿಯಾದವರು ತಮ್ಮ ಪುಸ್ತಕ, ಬೆಳ್ಳಿಯ ಮೂರ್ತಿಪಟ, ಶಿಲುಬೆಗಳನ್ನು ಈ ಗುಡ್ಡಗಾಡಿಗೆ ಸಾಗಿಸುತ್ತಿದ್ದರು. ಸ್ವಾನೇತಿ ಇಡೀ ದೇಶದ ತಿಜೋರಿ ಆಗಿತ್ತು. 897ರಲ್ಲಿ ದೂರದ ಮಠವೊಂದರಲ್ಲಿ ಬರೆದ ಸುವಾರ್ತೆಯ ಹಸ್ತಪ್ರತಿಯೊಂದು ಹೀಗೆ ಅದಿಶಿ ಎಂಬ ಹಳ್ಳಿಯ ಗುಡಿ ಸೇರಿ, ಅಲ್ಲೇ ಶತಮಾನಗಟ್ಟಲೆ ಉಳಿಯಿತು. ನಮ್ಮ ಕವಿರಾಜಮಾರ್ಗ ಹುಟ್ಟಿದ ಶತಮಾನದ ಪುಸ್ತಕ ಅದು. ಈಗ ಮೆಸ್ತಿಯಾ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ.

ಹೋಗಲೇಬೇಕು ಅನಿಸಿತು. ಜೊತೆಗೆ ಬರಲು ಒಪ್ಪಿದವನು ನಮ್ಮ 2005ರ ಬ್ಯಾಚಿನವನೇ, ಊರಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯ. ಮಕ್ಕಳೇ, ನೀವೂ ಮುಂದೆ ಇಂಥ ಕಡೆ ಹೋಗುವವರೇ. ಅದಕ್ಕೇ ಯೋಜನೆ ಹೇಗೆ ಹಾಕಿದೆವು ಎಂದು ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕಾಲ. ಅಲ್ಲಿ ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. 1987ರ ಚಳಿಗಾಲದ ಹಿಮಪಾತದಲ್ಲಿ ಎಷ್ಟೋ ಜನ ಸತ್ತು, ಸಾವಿರಾರು ಜನ ಊರು ಬಿಟ್ಟು ಬಯಲಿಗಿಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಪರಸ್ಥಳದವರಿಗೆ ಹದವಾದ ಕಾಲ. ನಾವು ಜುಲೈ ಆರಿಸಿದೆವು.

ಎರಡನೆಯದು ದಾರಿ. ಬೆಂಗಳೂರಿನಿಂದ ಗಲ್ಫ್‌ನಲ್ಲಿ ವಿಮಾನ ಬದಲಿಸಿ ರಾಜಧಾನಿ ಟಿಬಿಲಿಸಿ. ಅಲ್ಲಿಂದ ಮೆಸ್ತಿಯಾಕ್ಕೆ ಹತ್ತೊಂಬತ್ತು ಸೀಟಿನ ಸಣ್ಣ ವಿಮಾನ. ಮೋಡ ಕವಿದರೆ ಅದು ಹಾರುವುದಿಲ್ಲ. ಹಾಗಾದಾಗ ರೈಲಿನಲ್ಲಿ ಜುಗ್ದಿದಿ ಎಂಬ ಊರಿಗೆ ಹೋಗಿ, ಅಲ್ಲಿಂದ ನಮ್ಮ ಟೆಂಪೊ ಟ್ರಾವೆಲರ್‌ನಂಥ ಗಾಡಿಯಲ್ಲಿ ಸುಮಾರು 136 ಕಿಲೋಮೀಟರ್ ಗುಡ್ಡ ಹತ್ತಬೇಕು. ಆ ಗಾಡಿಗೆ ಅವರು ಮಾರ್ಶ್ರುತ್ಕಾ ಅನ್ನುತ್ತಾರೆ. ಎರಡೂ ದಾರಿ ಬರೆದಿಟ್ಟುಕೊಂಡೆವು, ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೆವು.

ಮೂರನೆಯದು ಕಾಗದಪತ್ರ. ಇಲ್ಲಿ ಸಿಕ್ಕಿಬಿದ್ದೆವು. ನನ್ನ ಗೆಳೆಯನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಆಧಾರ್‌ನಲ್ಲಿ ಒಂದು ಹುಟ್ಟಿದ ದಿನ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಈ ಸಭೆಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ, ಕೈ ಎತ್ತಿ ನೋಡೋಣ. ನೋಡಿ, ಅರ್ಧ ಊರೇ ಇದೆ! ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ 2009ರ ನೆರೆಯಲ್ಲಿ ಮನೆಯೊಂದಿಗೆ ಹೋಗಿತ್ತು. ಉಳಿದದ್ದು ಒಂದೇ ದಾರಿ, ಈ ಶಾಲೆಯ ದಾಖಲಾತಿ ರಿಜಿಸ್ಟರು. ಮುಖ್ಯೋಪಾಧ್ಯಾಯರು ಕಪಾಟಿನಿಂದ ತೆಗೆದು, ಅವನ ಹೆಸರಿನ ಪುಟ ಹುಡುಕಿ, ಉತಾರ ಬರೆದು ಸಹಿ ಹಾಕಿ ಕೊಟ್ಟರು. ಅದರಿಂದ ತಿದ್ದುಪಡಿ ಆಯಿತು, ಪಾಸ್‌ಪೋರ್ಟ್ ಬಂತು, ವೀಸಾ ಬಂತು.

ಆ ರಿಜಿಸ್ಟರಿನ ಅಂಚಿನಲ್ಲಿ ಕೆಸರಿನ ಕಲೆ ಇತ್ತು. ಅದನ್ನು ನಾನು ನೋಡಿದೆ. ನೋಡಿ ಸುಮ್ಮನಾದೆ.

ನಾಲ್ಕನೆಯದು ಊಟ. ಇಬ್ಬರೂ ಮಾಂಸ ತಿನ್ನುವುದಿಲ್ಲ. ಅಲ್ಲಿಯ ಹೆಸರಾಂತ ತಿಂಡಿ ಕುಬ್ದಾರಿ, ಮಾಂಸ ತುಂಬಿದ ರೊಟ್ಟಿ. ಆದರೆ ಮೆಕ್ಕೆಜೋಳದ ಹಿಟ್ಟಿಗೆ ಚೀಸ್ ಕಲಸಿ ಬೇಯಿಸಿದ ಚ್ವಿಷ್ತಾರಿ ಇದೆ, ಆಲೂಗಡ್ಡೆ ಚೀಸ್ ಕೂಡಿಸಿ ತಿರುವಿದ ತಷ್ಮಿಜಾಬಿ ಇದೆ. ಉಪ್ಪಿಗೆ ಬೆಳ್ಳುಳ್ಳಿ, ಕೊತ್ತಂಬರಿ, ಒಂದು ಜಾತಿಯ ಮೆಂತ್ಯ, ಖಾರ ಎಲ್ಲ ಕುಟ್ಟಿ ಮಾಡಿದ ಸ್ವಾನೇತಿ ಉಪ್ಪು ಇದೆ. ನಮ್ಮ ಚಟ್ನಿಪುಡಿಯ ತಮ್ಮ ಅನ್ನಬಹುದು. ಅದರ ಜೊತೆಗೆ ನಮ್ಮವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ.

ಇಷ್ಟನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದೆ. ಒಂಬತ್ತು ದಿನ, 42 ಸಾಲು. ಯಾವ ಗುಡಿಯಲ್ಲಿ ಎಷ್ಟು ನಿಮಿಷ ಎಂಬುದೂ ಇತ್ತು. ಇಪ್ರಾರಿಗೆ 11.15ರಿಂದ 11.55. ಸಾಫ್ಟ್‌ವೇರ್‌ನವರಿಗೆ ಇದೊಂದು ಚಟ. ಮುದ್ರಿಸಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ನೋಡಿ ಅಪ್ಪ ಕೇಳಿದ: "ಎಲ್ಲಾ ಬರದಿ. ಗುಡಿ ಕೀಲಿಕೈ ಯಾರ ಕಡೆ ಇರ್ತೈತಿ ಅಂತ ಬರದಿಲ್ಲಲ್ಲ?"

"ಅಪ್ಪಾ, ಅದು ಟೂರಿಸ್ಟ್ ಜಾಗಾ. ತೆರದೇ ಇರ್ತೈತಿ" ಅಂದೆ. ಅಪ್ಪ ಕಾಗದ ಮಡಚಿ ವಾಪಸ್ಸು ಕೊಟ್ಟ.

ಟಿಬಿಲಿಸಿಯಲ್ಲಿ ಇಳಿದ ಮರುದಿನವೇ ಮೋಡ. ಸಣ್ಣ ವಿಮಾನ ಹಾರಲಿಲ್ಲ. ರೈಲು ಹಿಡಿದೆವು. ಜುಗ್ದಿದಿಯಿಂದ ಮೇಲೆ ಹೋಗುವಾಗ ಎಂಗುರಿ ಅಣೆಕಟ್ಟು ಸಿಗುತ್ತದೆ. 271.5 ಮೀಟರ್ ಎತ್ತರ, ಬಿಲ್ಲಿನಂತೆ ಬಾಗಿದ ಕಾಂಕ್ರೀಟ್ ಗೋಡೆ. ನಮ್ಮ ಸೂಪಾ ಅಣೆಕಟ್ಟು 101 ಮೀಟರ್, ಲೆಕ್ಕ ನೀವೇ ಹಾಕಿ. ಒಂದು ದಿನ ಕಳೆದುಕೊಂಡು ಮೆಸ್ತಿಯಾ ಮುಟ್ಟಿದೆವು. ಹೆಚ್ಚಿಗೆ ಇಟ್ಟುಕೊಂಡ ದಿನ ಅಲ್ಲಿಗೆ ಖರ್ಚಾಯಿತು. ಆದರೂ ಯೋಜನೆ ಸರಿಯಾಗಿಯೇ ಇತ್ತೆಂದು ಹೆಮ್ಮೆಪಟ್ಟೆ.

ಮರುದಿನ ಮೆಸ್ತಿಯಾದಿಂದ ಉಷ್ಗುಲಿಗೆ ಹೊರಟೆವು. ಸುಮಾರು 45 ಕಿಲೋಮೀಟರ್, ಅರ್ಧ ಕಾಂಕ್ರೀಟು, ಅರ್ಧ ಕೆಸರು. ಗಾಡಿ ಓಡಿಸುವವ ಅದೇ ಸೀಮೆಯವ, ಹರಕು ಮುರುಕು ಇಂಗ್ಲಿಷ್ ಬರುತ್ತಿತ್ತು. 11.20ಕ್ಕೆ ಇಪ್ರಾರಿ. ಗುಡಿಯ ಬಾಗಿಲಿಗೆ ಕೀಲಿ.

ಕೀಲಿಕೈ ಊರಿನ ಒಂದು ಮನೆತನದ ಕೈಯಲ್ಲಿರುತ್ತದೆ, ಆ ಮನೆಯ ಹಿರಿಯರು ಹುಲ್ಲು ಕೊಯ್ಯಲು ಮೇಲಿನ ಗುಡ್ಡಕ್ಕೆ ಹೋಗಿದ್ದಾರೆ ಎಂದು ಡ್ರೈವರ್ ವಿಚಾರಿಸಿ ಬಂದು ಹೇಳಿದ. ಅಲ್ಲಿ ಚಳಿಗಾಲ ಉದ್ದ. ನಾವು ಕಣಿಕೆ ಬಣವೆ ಒಟ್ಟುವಂತೆ, ಅವರು ಜುಲೈ–ಆಗಸ್ಟಿನಲ್ಲಿ ಹುಲ್ಲು ಕೊಯ್ದು ಒಣಗಿಸಿ ಇಡದಿದ್ದರೆ ದನ ಉಳಿಯುವುದಿಲ್ಲ. ಫೋನ್ ಮಾಡಿ ಕರೆಸು, ಬೇಕಾದರೆ ಹೆಚ್ಚು ದುಡ್ಡು ಕೊಡೋಣ ಅಂದೆ. ಡ್ರೈವರ್ ನಕ್ಕು, ಮರದ ಕೆಳಗೆ ಹೋಗಿ ಅಡ್ಡಾದ. ನನ್ನ ಗೆಳೆಯ ಅಂದ: "ರಾಶಿ ದಿನ ನಮ್ಮಪ್ಪನ್ನ ಯಾರರ ಹಿಂಗ ಕರದ್ರ ಬರ್ತಿದ್ನೇನು? ಸುಮ್ನ ಕೂಡು."

ಮೂರೂವರೆ ತಾಸು ಕೂತೆವು. ಪಕ್ಕದ ಮನೆಯ ಅಜ್ಜಿ ರೊಟ್ಟಿ, ಚೀಸ್ ತಂದಿಟ್ಟು ಹೋದರು. ನನ್ನ 42 ಸಾಲಿನಲ್ಲಿ ಆರು ಸಾಲು ಹೊಡೆದುಹಾಕಿದೆ. ಆಮೇಲೆ ಹಾಳೆಯನ್ನು ಜೇಬಿನಲ್ಲಿಟ್ಟೆ.

ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಹೆಗಲ ಮೇಲೆ ಉದ್ದ ಹಿಡಿಯ ಕುಡುಗೋಲು ಹೊತ್ತು ಇಳಿದು ಬಂದರು. ನಮ್ಮನ್ನು ನೋಡಿ ತಲೆಯಾಡಿಸಿ ಮನೆಯೊಳಗೆ ಹೋದರು. ಕೈಕಾಲು ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು, ಗೇಣುದ್ದದ ಕೀಲಿಕೈ ಹಿಡಿದು ಬಂದರು. ಅವಸರವಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಬಾಗಿಲು ತೆರೆದರು. ಫೋಟೋ ಬೇಡವೆಂದು ಸನ್ನೆ ಮಾಡಿದರು.

ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಮುಖಗಳು ಒಂದೊಂದಾಗಿ ಹೊರಗೆ ಬಂದವು. ಕಂದು, ಕೆಂಪು, ಬೂದು ನೀಲಿ. ಒಂಬೈನೂರಕ್ಕೂ ಹೆಚ್ಚು ವರ್ಷದ ಬಣ್ಣ. ಸ್ವಾನೇತಿಯ ಹಳೆಯ ಚಿತ್ರಗಳಲ್ಲಿ ಸಂತ ಜಾರ್ಜ್ ಇರಿಯುವುದು ಘಟಸರ್ಪವನ್ನಲ್ಲ, ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್‌ನನ್ನು ಎಂದು ಓದಿದ್ದೆ. ಓದಿದ್ದೆಲ್ಲ ಆಗ ತಲೆಯಲ್ಲಿ ಇರಲಿಲ್ಲ. ಹತ್ತು ನಿಮಿಷ ಸುಮ್ಮನೆ ನಿಂತೆವು.

ಹೊರಬಂದಾಗ ಹಿರಿಯರು ಬಾಗಿಲೆಳೆದು ಕೀಲಿ ಹಾಕಿದರು. ಹಾಕಿದ ಮೇಲೆ ಕೀಲಿಯನ್ನು ಎರಡು ಸಲ ಜಗ್ಗಿ ನೋಡಿದರು.

ನನ್ನ ಗೆಳೆಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಈ ಶಾಲೆಯಲ್ಲಿ 1983ರಿಂದ 2014ರವರೆಗೆ ಕಲಿತವರಿಗೆಲ್ಲ ಆ ಎರಡು ಸಲ ಜಗ್ಗುವುದು ಯಾರ ಅಭ್ಯಾಸ ಎಂದು ಗೊತ್ತು.

ಹೌದು, ನನ್ನಪ್ಪ ಈ ಶಾಲೆಯ ಸಿಪಾಯಿ ಆಗಿದ್ದ. ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದ ಮಾತು ಹೇಳುತ್ತೇನೆ. ಎಂಜಿನಿಯರಿಂಗ್ ಕಾಲೇಜಿನ ನಾಲ್ಕೂ ವರ್ಷ, ಆಮೇಲೆ ಕಂಪನಿಯಲ್ಲಿಯೂ, ತಂದೆ ಏನು ಮಾಡುತ್ತಾರೆ ಎಂದು ಯಾರು ಕೇಳಿದರೂ ನಾನು ಹೇಳಿದ್ದು 'ಶಿಕ್ಷಣ ಇಲಾಖೆಯಲ್ಲಿದ್ದಾರೆ' ಎಂದು. ಸುಳ್ಳಲ್ಲ. ಆದರೆ ಯಾಕೆ ಹಾಗೆ ಹೇಳುತ್ತಿದ್ದೆ ಎಂದು ನನಗೆ ಗೊತ್ತಿತ್ತು. "ಸಿಪಾಯಿ, ಕೀಲಿ ತಗೊಂಡು ಬಾ" ಎಂದು ಯಾರಾದರೂ ಓಣಿಯಲ್ಲಿ ಕೂಗಿದರೆ ಅಪ್ಪ ಊಟದ ತಾಟು ಬಿಟ್ಟು ಏಳುತ್ತಿದ್ದ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

2009ರ ನೆರೆಯಲ್ಲಿ ಮಲಪ್ರಭೆ ಈ ಕಟ್ಟಡದೊಳಗೆ ಬಂದ ರಾತ್ರಿ, ಅಪ್ಪ ಮತ್ತು ಅಂದಿನ ಮುಖ್ಯೋಪಾಧ್ಯಾಯರು ಎದೆಮಟ್ಟ ನೀರಿನಲ್ಲಿ ರಿಜಿಸ್ಟರುಗಳನ್ನು ತಲೆಯ ಮೇಲೆ ಹೊತ್ತು ದಿಬ್ಬದ ಮೇಲಿನ ಗುಡಿಗೆ ಸಾಗಿಸಿದರು. ನಮ್ಮ ಮನೆಯ ಟ್ರಂಕು ಅಂದು ನೀರುಪಾಲಾಯಿತು. ಅವ್ವ ಅದಕ್ಕೆ ಬಹಳ ದಿನ ಸಿಟ್ಟಾಗಿದ್ದಳು. ನಾನೂ ಫೋನಿನಲ್ಲಿ ಅಪ್ಪನಿಗೆ ಬೈದಿದ್ದೆ. ನನ್ನ ಗೆಳೆಯನ ಪಾಸ್‌ಪೋರ್ಟಿಗೆ ಆಧಾರವಾದ ರಿಜಿಸ್ಟರು ಆ ರಾತ್ರಿ ಉಳಿದದ್ದು.

ಇಪ್ರಾರಿಯ ಹಿರಿಯರಿಗೆ ಡ್ರೈವರ್ ಮೂಲಕ ಹೇಳಿಸಿದೆ: ನನ್ನ ತಂದೆಯೂ ಕೀಲಿಕೈ ಇಟ್ಟುಕೊಂಡಿದ್ದವರು, ಗುಡಿಯದಲ್ಲ, ಊರಿನ ಶಾಲೆಯದು. ಎಷ್ಟು ವರ್ಷ ಎಂದು ಕೇಳಿದರು. 31 ಅಂದೆ. ತಲೆಯಾಡಿಸಿದರು. ಆಮೇಲೆ ಕೇಳಿದರು: ಈಗ ಯಾರ ಕಡೆ ಇದೆ?

ನನಗೆ ಗೊತ್ತಿರಲಿಲ್ಲ.

ಅವರೂ ತಮ್ಮ ಕಷ್ಟ ಹೇಳಿಕೊಂಡರು. ಮಕ್ಕಳು ಟಿಬಿಲಿಸಿಯಲ್ಲಿದ್ದಾರೆ. ಚಳಿಗಾಲಕ್ಕೆ ಊರಿನಲ್ಲಿ ಉಳಿಯುವ ಮನೆಗಳು ಕಡಿಮೆಯಾಗುತ್ತಿವೆ. ತನ್ನ ನಂತರ ಕೀಲಿಕೈ ಯಾರು ಹಿಡಿಯುತ್ತಾರೋ ಎಂಬ ಚಿಂತೆ. ಗೋಪುರ ಗಟ್ಟಿಯಿದೆ, ಗೋಡೆ ಗಟ್ಟಿಯಿದೆ, ಯುನೆಸ್ಕೊದ ಹೆಸರಿದೆ. ಬಾಗಿಲು ತೆರೆಯಲು ಮಾತ್ರ ಮನುಷ್ಯ ಬೇಕು.

ಜಾರ್ಜಿಯಾದವರು ಇಂಥವರನ್ನು ಮರೆಯುವುದಿಲ್ಲ. ಎಕ್ವತಿಮೆ ತಾಕಾಯಿಶ್ವಿಲಿ ಎಂಬ ಇತಿಹಾಸಕಾರರು 1910ರಲ್ಲಿ ಸ್ವಾನೇತಿಯ ಗುಡಿಗಳನ್ನೆಲ್ಲ ತಿರುಗಿ ಹಸ್ತಪ್ರತಿಗಳನ್ನು ದಾಖಲು ಮಾಡಿದವರು. 1921ರಲ್ಲಿ ಬೊಲ್ಶೆವಿಕರ ಸೈನ್ಯ ನುಗ್ಗಿದಾಗ ದೇಶದ ಸಂಪತ್ತಿನ ಪೆಟ್ಟಿಗೆಗಳೊಂದಿಗೆ ಫ್ರಾನ್ಸಿಗೆ ಹೋದರು. ಬಡತನದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದರು. ಒಂದು ವಸ್ತುವನ್ನೂ ಮಾರಿಕೊಳ್ಳದೆ 1945ರಲ್ಲಿ ಎಲ್ಲವನ್ನೂ ಮರಳಿ ತಂದೊಪ್ಪಿಸಿದರು. ಅಲ್ಲಿಯ ಚರ್ಚು ಅವರನ್ನು ಸಂತರ ಸಾಲಿಗೆ ಸೇರಿಸಿದೆ.

ಊರಿಗೆ ಬಂದ ಮೇಲೆ ನಾನು ಮೊದಲು ಕೇಳಿದ್ದು ಹಿರಿಯರ ಆ ಪ್ರಶ್ನೆಯನ್ನೇ. ಅಪ್ಪ ನಿವೃತ್ತನಾದ ಮೇಲೆ ನಮ್ಮ ಶಾಲೆಗೆ ಆ ಹುದ್ದೆಗೆ ಯಾರೂ ಬಂದಿಲ್ಲ. ಮುಖ್ಯೋಪಾಧ್ಯಾಯರೇ ಕೀಲಿ ತೆರೆಯುತ್ತಾರೆ. ಮೀಟಿಂಗಿಗೆ ಹೋದ ದಿನ ಎಂಟನೇ ತರಗತಿಯ ಹುಡುಗನೊಬ್ಬನ ಕೈಗೆ ಗೊಂಚಲು ಕೊಟ್ಟು ಹೋಗುತ್ತಾರೆ. ರಿಜಿಸ್ಟರು ಇಟ್ಟ ಕಪಾಟಿನ ಬುಡಕ್ಕೆ ಗೆದ್ದಲು ಹತ್ತಿದೆ.

ಮಹೋತ್ಸವದ ನಿಧಿಯಿಂದ ಸ್ವಾಗತ ಕಮಾನು ಕಟ್ಟುವ ಠರಾವು ಆಗಿದೆ. ಕಮಾನು ಬೇಡ ಎನ್ನುವುದಿಲ್ಲ, ಹಿರಿಯರ ಆಸೆ ಅದು. ಆದರೆ ಎರಡು ಕೆಲಸ ಅದಕ್ಕಿಂತ ಮೊದಲು ಆಗಲಿ ಎಂದು 2005ರ ಬ್ಯಾಚಿನ ಪರವಾಗಿ ಕೈಮುಗಿದು ಕೇಳುತ್ತೇನೆ. ಒಂದು, ಐವತ್ತು ವರ್ಷದ ದಾಖಲಾತಿ ರಿಜಿಸ್ಟರುಗಳನ್ನು ಮುಖ್ಯೋಪಾಧ್ಯಾಯರ ಅನುಮತಿಯಿಂದ, ಅವರ ಎದುರಿನಲ್ಲೇ ಸ್ಕ್ಯಾನ್ ಮಾಡುವುದು. ಆ ಕೆಲಸ ನಮ್ಮದು. ಪ್ರತಿ ಶಾಲೆಯಲ್ಲೇ ಇರುತ್ತದೆ, ನಮ್ಮ ಬಳಿ ಇರುವುದಿಲ್ಲ. ಮೂಲ ರಿಜಿಸ್ಟರುಗಳಿಗೆ ಗೆದ್ದಲು ಹತ್ತದ ಉಕ್ಕಿನ ಕಪಾಟು ಕೊಡಿಸುತ್ತೇವೆ. ಎರಡು, ಸರ್ಕಾರದಿಂದ ಹುದ್ದೆ ತುಂಬುವವರೆಗೆ ಊರಿನವರೇ ಒಬ್ಬರನ್ನು ಗೌರವಧನ ಕೊಟ್ಟು ಇಟ್ಟುಕೊಳ್ಳುವುದು. ಮೊದಲ ಎರಡು ವರ್ಷದ್ದು ನಮ್ಮ ಬ್ಯಾಚಿನದು. ಮುಂದಿನದನ್ನು ಉಳಿದ ಬ್ಯಾಚಿನವರು ಹಂಚಿಕೊಳ್ಳಬೇಕು.

ಮಕ್ಕಳೇ, ನೀವು ದೂರ ದೂರ ಹೋಗಿ. ಕಾಲ ನೋಡಿ, ದಾರಿ ನೋಡಿ, ಕಾಗದಪತ್ರ ಸರಿ ಮಾಡಿಕೊಳ್ಳಿ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆಮೇಲೆ ಕೀಲಿಕೈ ಯಾರ ಕಡೆ ಇದೆ ಎಂದು ಕೇಳಿ, ಅವರ ಕೆಲಸ ಮುಗಿಯುವವರೆಗೆ ಕಾಯಿರಿ.

ಅಪ್ಪ ಹಿಂದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಮುಂದೆ ಬಾ ಅಂದರೆ ಬರಲಿಲ್ಲ, ಅದು ಹಳೆಯ ಅಭ್ಯಾಸ. ಅಪ್ಪಾ, ನನ್ನ ಹಾಳೆಯಲ್ಲಿ ಬಿಟ್ಟುಹೋಗಿದ್ದ ಸಾಲನ್ನು ನೀನು ಮೊದಲೇ ಹೇಳಿದ್ದೆ. ನಾನು ಕೇಳಲಿಲ್ಲ. ಇನ್ನು ಮುಂದೆ ಯಾರಾದರೂ ಕೇಳಿದರೆ, ನನ್ನ ತಂದೆ ಸರ್ಕಾರಿ ಪ್ರೌಢಶಾಲೆಯ ಸಿಪಾಯಿ, 31 ವರ್ಷ ಕೀಲಿಕೈ ಇಟ್ಟುಕೊಂಡಿದ್ದವರು ಎಂದು ಹೇಳುತ್ತೇನೆ.

ಇವತ್ತು ರಾತ್ರಿ ಕಾರ್ಯಕ್ರಮ ಮುಗಿದು ಕುರ್ಚಿಗಳನ್ನೆಲ್ಲ ಒಳಗಿಟ್ಟು ಕೀಲಿ ಹಾಕುವವರೆಗೆ ನಾನು ಇಲ್ಲೇ ಇರುತ್ತೇನೆ. ನಮ್ಮ ಬ್ಯಾಚಿನವರೂ ಇರಿ.